ಆರು ಚುಕ್ಕಿಯ ಮನೆಯಲ್ಲಿ ಕಾರು ಚಾ ಆದದ್ದು

ದೊಡ್ಡಬಳ್ಳಾಪುರ ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಒಮ್ಮೆ ಬರೆದು ನೋಡಿ ಮಕ್ಕಳೇ. ದ ಬರೆದು ಒತ್ವ ಕೊಟ್ಟಿರಿ. ಡ ಬರೆದು ಅದರ ಬುಡದಲ್ಲಿ ಇನ್ನೊಂದು ಡ ಇಟ್ಟಿರಿ. ಳ್ಳಾ ಬರೆಯುವಾಗ ಕೆಳಗೊಂದು ಒತ್ತು, ಪಕ್ಕಕ್ಕೊಂದು ದೀರ್ಘ. ಪ ಬರೆದ ಮೇಲೆ ಬಲಗಡೆ ಒಂದು ಕೊಂಬು. ಕೈ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಪಕ್ಕಕ್ಕೆ ಓಡಾಡಿತು. ಕಣ್ಣಿಗೆ ಇದರಿಂದ ಏನೂ ತೊಂದರೆಯಿಲ್ಲ. ಒಂದೇ ನೋಟದಲ್ಲಿ ಒತ್ತನ್ನೂ ಕೊಂಬನ್ನೂ ತಲಕಟ್ಟನ್ನೂ ಹಿಡಿದುಬಿಡುತ್ತದೆ.

ಈಗ ಕಣ್ಣು ಮುಚ್ಚಿ, ಬೆರಳಿನಿಂದಲೇ ಓದಬೇಕು ಅಂದುಕೊಳ್ಳಿ. ಬೆರಳ ತುದಿಗೆ ಒಂದು ಸಲಕ್ಕೆ ಸಿಗುವುದು ಕಡಲೆಬೀಜದಷ್ಟು ಜಾಗ ಮಾತ್ರ. ಮೇಲೆ ಹೋಗಿ ಗುಡಿಸು ಮುಟ್ಟಿ, ಕೆಳಗೆ ಇಳಿದು ಒತ್ತು ಹುಡುಕಿ, ಮತ್ತೆ ಮೇಲೆ ಬರುವ ಹೊತ್ತಿಗೆ ಪದದ ಮೊದಲಕ್ಷರವೇ ಮರೆತುಹೋಗಿರುತ್ತದೆ. ಬೆರಳಿಗೆ ಬೇಕಾದದ್ದು ಒಂದು ನೇರ ಸಾಲು. ಎಡದಿಂದ ಬಲಕ್ಕೆ, ಒಂದಾದ ಮೇಲೆ ಒಂದು ಅಕ್ಷರ ಬರುತ್ತಾ ಇರಬೇಕು. ದೃಷ್ಟಿ ಇಲ್ಲದವರು ಓದುವ ಬ್ರೈಲ್ ಲಿಪಿ ಹೀಗೆಯೇ ಇದೆ. ಅದರಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಕೊಂಬು ಪಕ್ಕಕ್ಕೆ ಅಂಟುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಲ್ಲುತ್ತಾರೆ.

ಬ್ರೈಲಿನ ಒಂದು ಅಕ್ಷರಕ್ಕೆ ಒಂದು ಪುಟ್ಟ ಮನೆ. ಆ ಮನೆಯಲ್ಲಿ ಆರು ಚುಕ್ಕಿಗೆ ಜಾಗ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ ಮೇಲಿನಿಂದ ಕೆಳಕ್ಕೆ 4, 5, 6. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ದೂರ. ಚುಕ್ಕಿ ಕಾಗದದಿಂದ ಉಬ್ಬಿರುವುದು ಅರ್ಧ ಮಿಲಿಮೀಟರಿನಷ್ಟು. ಪ್ರತಿಯೊಂದು ಜಾಗದಲ್ಲೂ ಚುಕ್ಕಿ ಇರಬಹುದು, ಇಲ್ಲದಿರಬಹುದು. ಇಷ್ಟರಿಂದ ಎಷ್ಟು ಬೇರೆ ಬೇರೆ ಆಕಾರ ಮಾಡಬಹುದು? ಎರಡನ್ನು ಆರು ಸಲ ಗುಣಿಸಿ: 64. ಅದರಲ್ಲಿ ಒಂದೂ ಚುಕ್ಕಿಯಿಲ್ಲದ ಖಾಲಿ ಮನೆ ಪದಗಳ ನಡುವಿನ ಬಿಡುವಿಗೆ ಹೋಯಿತು. ಉಳಿದದ್ದು 63.

ದೊಡ್ಡಬಳ್ಳಾಪುರದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮೂರಿನ ಮಗ್ಗಗಳ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಸರಪಳಿ ತಿರುಗುತ್ತಿರುವುದನ್ನು ಕೆಲವರಾದರೂ ನೋಡಿರುತ್ತೀರಿ. ಅದು ಜಕಾರ್ಡ್. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಎಳೆ ಸುಮ್ಮನಿರುತ್ತದೆ. ತೂತು ಇದೆ, ಇಲ್ಲ ಎಂಬ ಎರಡೇ ಮಾತಿನಿಂದ ಸೀರೆಯ ಅಂಚಿನಲ್ಲಿ ನವಿಲು ಮೂಡುತ್ತದೆ. ಬ್ರೈಲಿನಲ್ಲಿಯೂ ಚುಕ್ಕಿ ಇದೆ, ಇಲ್ಲ ಎಂಬ ಎರಡೇ ಮಾತು. ಇನ್ನೊಂದು ಸಂಗತಿ ಏನೆಂದರೆ ಎರಡೂ ಹುಟ್ಟಿದ್ದು ಫ್ರಾನ್ಸ್ ದೇಶದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಜಕಾರ್ಡ್ 1804ರ ಸುಮಾರಿಗೆ ಬಂತು. ಬ್ರೈಲ್ ಲಿಪಿ ರೂಪುಗೊಂಡದ್ದು 1824ರಲ್ಲಿ.

ಅದನ್ನು ರೂಪಿಸಿದಾಗ ಲೂಯಿ ಬ್ರೈಲನಿಗೆ ಬರೀ ಹದಿನೈದು ವರ್ಷ. ಪ್ಯಾರಿಸ್ ಹತ್ತಿರದ ಕೂವ್ರೆ ಎಂಬ ಊರಿನಲ್ಲಿ 1809ರ ಜನವರಿ 4ರಂದು ಹುಟ್ಟಿದ ಹುಡುಗ. ಅಪ್ಪ ಕುದುರೆಗೆ ಜೀನು, ಲಗಾಮು ಮಾಡುವವರು. ಮೂರು ವರ್ಷದವನಾಗಿದ್ದಾಗ ಅಪ್ಪನ ಕೆಲಸದ ಮನೆಯಲ್ಲಿ ಚರ್ಮಕ್ಕೆ ತೂತು ಹಾಕುವ ಚೂಪಾದ ಉಳಿ ಕಣ್ಣಿಗೆ ತಗುಲಿತು. ನಂಜು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಹೋದವು. ಹತ್ತು ವರ್ಷಕ್ಕೆ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿಗೆ ಶಾರ್ಲ್ ಬಾರ್ಬಿಯೇ ಎಂಬುವರು ಉಬ್ಬು ಚುಕ್ಕಿಯ ಒಂದು ಬರವಣಿಗೆಯನ್ನು ತಂದುಕೊಟ್ಟರು. ಅದರ ಮನೆಯಲ್ಲಿ ಹನ್ನೆರಡು ಚುಕ್ಕಿ, ಎರಡು ಸಾಲು ಆರಾರು. ಅಷ್ಟು ಎತ್ತರದ ಮನೆ ಬೆರಳ ತುದಿಗೆ ಒಂದೇ ಸಲ ಸಿಗುತ್ತಿರಲಿಲ್ಲ. ಅದರಲ್ಲಿ ಇನ್ನೊಂದು ಕೊರತೆಯೂ ಇತ್ತು. ಬರೀ ಉಚ್ಚಾರವನ್ನು ಬರೆಯಬಹುದಿತ್ತು. ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನೆ ಚಿಹ್ನೆ ಯಾವುದೂ ಇರಲಿಲ್ಲ. ಲೂಯಿಗೆ ಅದು ಸಾಕಾಗಲಿಲ್ಲ. ಕಣ್ಣಿದ್ದವರು ಪುಸ್ತಕವನ್ನು ಹೇಗೆ ಓದುತ್ತಾರೋ ಹಾಗೆಯೇ, ಕಾಗುಣಿತ ಮತ್ತು ವಿರಾಮಗಳ ಸಮೇತ ಅವನಿಗೆ ಬೇಕಿತ್ತು. ಹನ್ನೆರಡನ್ನು ಆರಕ್ಕೆ ಇಳಿಸಿ ತನ್ನ ಲಿಪಿ ಕಟ್ಟಿದ. 1829ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ.

ಆ ಹುಡುಗ ಚುಕ್ಕಿಗಳನ್ನು ಸಿಕ್ಕಾಪಟ್ಟೆ ಚೆಲ್ಲಲಿಲ್ಲ. ಮೊದಲ ಹತ್ತು ಆಕಾರಗಳನ್ನು ಮನೆಯ ಮೇಲಿನ ನಾಲ್ಕು ಚುಕ್ಕಿಗಳಲ್ಲೇ, ಅಂದರೆ 1, 2, 4, 5ರಲ್ಲೇ ಮಾಡಿದ. ಆಮೇಲೆ ಅದೇ ಹತ್ತಕ್ಕೂ ಕೆಳಗಿನ 3ನೇ ಚುಕ್ಕಿ ಸೇರಿಸಿ ಇನ್ನೊಂದು ಹತ್ತು ಮಾಡಿದ. ಆ ಎರಡನೆಯ ಹತ್ತಕ್ಕೂ 6ನೇ ಚುಕ್ಕಿಯನ್ನು ಸೇರಿಸಿ ಮತ್ತೊಂದು ಹತ್ತು ಮಾಡಿದ. ನಮ್ಮ ಕನ್ನಡದ ಬ್ರೈಲ್ ಅಕ್ಷರಗಳಲ್ಲೂ ಈ ನಂಟು ಹಾಗೆಯೇ ಉಳಿದಿದೆ. ಅ ಅಂದರೆ 1. ಅದಕ್ಕೆ 3 ಸೇರಿಸಿದರೆ 1-3, ಅದು ಕ. ಬ ಅಂದರೆ 1-2, ಅದಕ್ಕೆ 3 ಸೇರಿದರೆ ಲ. ಚ ಅಂದರೆ 1-4, ಅದಕ್ಕೆ 3 ಸೇರಿದರೆ ಮ. ದ ಅಂದರೆ 1-4-5, ಅದಕ್ಕೆ 3 ಸೇರಿದರೆ ನ. ಹ ಅಂದರೆ 1-2-5, 3 ಸೇರಿದರೆ ರ. ಜ ಅಂದರೆ 2-4-5, 3 ಸೇರಿದರೆ ತ. ಈಗ ಬಂದ ಕಕ್ಕೆ 6 ಸೇರಿಸಿ, ಉ ಆಯಿತು. ಲಕ್ಕೆ 6 ಸೇರಿಸಿ, ವ ಆಯಿತು. ನಕ್ಕೆ 6 ಸೇರಿಸಿ, ಯ ಆಯಿತು. ಒಂದು ಹತ್ತನ್ನು ಗಟ್ಟಿಯಾಗಿ ಕಲಿತರೆ ಉಳಿದ ಬಹಳಷ್ಟು ಅಕ್ಷರಗಳು ತಾವಾಗಿ ಬರುತ್ತವೆ.

ವಿರಾಮ ಚಿಹ್ನೆಗಳನ್ನು ಎಲ್ಲಿಂದ ತಂದ? ಇಡೀ ಬ್ರೈಲಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಅದೇ ಮೊದಲ ಹತ್ತು ಆಕಾರಗಳನ್ನು ಒಂದು ಮೆಟ್ಟಿಲು ಕೆಳಗಿಳಿಸಿದ, ಅಷ್ಟೆ! ಅ ಮೇಲೆ 1ರಲ್ಲಿದೆ, ಒಂದು ಮೆಟ್ಟಿಲು ಇಳಿದರೆ 2. ಅದು ಅಲ್ಪವಿರಾಮ. ಬ ಇಳಿದರೆ 2-3, ಅದು ಅರ್ಧವಿರಾಮ. ಚ ಇಳಿದರೆ 2-5, ಒಂದರ ಮೇಲೊಂದು ಎರಡು ಚುಕ್ಕಿ ಇಡುತ್ತೇವಲ್ಲ, ಆ ವಿವರಣ ಚಿಹ್ನೆ. ದ ಇಳಿದರೆ 2-5-6, ಪೂರ್ಣವಿರಾಮ. ಹ ಇಳಿದರೆ 2-3-6, ಪ್ರಶ್ನೆ ಚಿಹ್ನೆ. ಒಂದು ಕಾಗದದ ಮೇಲೆ ಆರು ಚುಕ್ಕಿ ಗುರುತು ಮಾಡಿಕೊಂಡು ನೀವೇ ಇಳಿಸಿ ನೋಡಿ.

ಇಳಿಸುವುದೇನೋ ಸುಲಭ. ಬೆರಳಿಗೆ ಅದು ತಿಳಿಯಬೇಕಲ್ಲ? ಖಾಲಿ ಹಾಳೆಯ ನಡುವೆ ಒಂದೇ ಒಂದು ಚುಕ್ಕಿ ಉಬ್ಬಿದೆ. ಅದು 1ನೇ ಚುಕ್ಕಿಯೋ, 2ನೆಯದೋ, 3ನೆಯದೋ? ಯಾವ ಬೆರಳೂ ಹೇಳಲಾರದು. ಅಕ್ಕಪಕ್ಕದಲ್ಲಿ ಇನ್ನೊಂದು ಅಕ್ಷರ ಇದ್ದರೆ ಮಾತ್ರ ಮೇಲು ಕೆಳಗು ಗೊತ್ತಾಗುತ್ತದೆ. ಅಲ್ಪವಿರಾಮ ಪದದ ಬೆನ್ನಿಗೆ ಅಂಟಿಕೊಂಡೇ ಬರುವುದರಿಂದ ಆ ಪದದ ಅಕ್ಷರಗಳೇ ಅದರ ಎತ್ತರಕ್ಕೆ ಸಾಕ್ಷಿ.

ಕನ್ನಡದಲ್ಲಿ ಇದರಿಂದ ಒಂದು ಸೊಗಸಾದ ಕಷ್ಟ ಬಂದಿದೆ. ಇ ಅಂದರೆ 2-4. ಅದನ್ನು ಒಂದು ಮೆಟ್ಟಿಲು ಇಳಿಸಿ. 3-5 ಆಯಿತು. ಅದು ಈ! ಏ ಅಂದರೆ 1-5. ಅದನ್ನು ಇಳಿಸಿದರೆ 2-6. ಅದು ಎ! ಹ್ರಸ್ವಕ್ಕೂ ದೀರ್ಘಕ್ಕೂ ಆಕಾರ ಒಂದೇ, ನಿಂತಿರುವ ಎತ್ತರ ಬೇರೆ. ‘ಬಿಡು’ ಮತ್ತು ‘ಬೀಡು’ ಓದುವಾಗ ಬ ಮತ್ತು ಡ ಎರಡೂ ಕಡೆ ನಿಂತು ಎತ್ತರ ತೋರಿಸುತ್ತವೆ. ‘ಈ ಊರು’ ಎಂದು ಬರೆದಾಗ ಈ ಒಂಟಿಯಾಗಿ ನಿಲ್ಲುತ್ತದೆ. ಆಗ ಬೆರಳು ಒಂದು ಬಿಡುವು ದಾಟಿ ಊ ಮುಟ್ಟಿ, ಅದಕ್ಕೆ ಹೋಲಿಸಿ, ಹಿಂದಿನದು ಈ ಎಂದು ಖಚಿತ ಮಾಡಿಕೊಳ್ಳುತ್ತದೆ. ಅಭ್ಯಾಸವಾದ ಓದುಗರಿಗೆ ಇದೆಲ್ಲ ಕ್ಷಣದಲ್ಲಿ ಆಗಿಹೋಗುತ್ತದೆ. ಹೊಸದಾಗಿ ಕಲಿಯುವ ಮಗು ಇಲ್ಲಿ ತಡವರಿಸಿದರೆ ಅದು ಸಹಜ.

63 ಆಕಾರದಲ್ಲಿ ಸ್ವರ, ವ್ಯಂಜನ, ಅನುಸ್ವಾರ, ವಿಸರ್ಗ, ಅಂಕಿ, ವಿರಾಮ ಚಿಹ್ನೆ ಎಲ್ಲರಿಗೂ ಜಾಗ ಸಾಲುವುದಿಲ್ಲ. ಅದಕ್ಕಾಗಿ ಒಂದೇ ಆಕಾರ ಎರಡು ಮೂರು ಕೆಲಸ ಮಾಡುತ್ತದೆ. ಯಾವ ಜಾಗದಲ್ಲಿ ನಿಂತಿದೆ ಎಂಬುದರ ಮೇಲೆ ಅದರ ಕೆಲಸ. ಬ್ರೈಲಿನ ನಿಯಮಗಳಲ್ಲಿ ಬಹುಪಾಲು ಹುಟ್ಟಿರುವುದು ಈ ಹಂಚಿಕೆಯಿಂದಲೇ.

3-4-5-6 ತೆಗೆದುಕೊಳ್ಳಿ. ಅದು ನಮ್ಮ ಣ. ಅದೇ ಆಕಾರ ‘ಮುಂದೆ ಬರುವುದು ಅಂಕಿ’ ಎಂದು ಸಾರುವ ಗುರುತು ಕೂಡ. ಗೊಂದಲವಾಗುವುದಿಲ್ಲವೇ? ಸ್ವಲ್ಪ ಯೋಚಿಸಿ: ಣ ಅಕ್ಷರದಿಂದ ಶುರುವಾಗುವ ಕನ್ನಡ ಪದ ನಿಮಗೆ ಯಾವುದಾದರೂ ಗೊತ್ತೇ? ಹಣ, ಕಣ, ಬಣ್ಣ, ಅಣ್ಣ. ಣ ಯಾವಾಗಲೂ ನಡುವೆ ಅಥವಾ ಕೊನೆಗೆ. ಹಾಗಾಗಿ ಪದದ ಮೊದಲಲ್ಲೇ 3-4-5-6 ಸಿಕ್ಕರೆ ಬೆರಳಿಗೆ ಅನುಮಾನವೇ ಇಲ್ಲ, ಅದು ಅಂಕಿಯ ಗುರುತು. ಅದರ ಹಿಂದೆ ಬರುವ ಅಂಕಿಗಳೂ ಮೊದಲ ಹತ್ತು ಆಕಾರಗಳೇ. 1ಕ್ಕೆ ಅ, 2ಕ್ಕೆ ಬ, 3ಕ್ಕೆ ಚ, 4ಕ್ಕೆ ದ, 5ಕ್ಕೆ ಏ, 7ಕ್ಕೆ ಗ, 8ಕ್ಕೆ ಹ, 9ಕ್ಕೆ ಇ, ಸೊನ್ನೆಗೆ ಜ. 6ಕ್ಕೆ 1-2-4 ಎಂಬ ಆಕಾರ. ದೊಡ್ಡಬಳ್ಳಾಪುರದ ಪಿನ್ ಕೋಡ್ 561203 ಬರೆಯಲು ಏಳು ಮನೆ ಸಾಕು: ಮುಂದೊಂದು ಅಂಕಿಯ ಗುರುತು, ಹಿಂದೆ ಆರು ಅಂಕಿ. ಪ್ರತಿ ಅಂಕಿಗೂ ಗುರುತು ಹಾಕುವ ಅಗತ್ಯವಿಲ್ಲ.

2-3-6 ಪ್ರಶ್ನೆ ಚಿಹ್ನೆ ಅಂದೆನಲ್ಲ, ಅದೇ ಆಕಾರ ಮಾತಿಗೆ ಮುಂಚೆ ಹಾಕುವ ಉದ್ಧರಣ ಚಿಹ್ನೆಯೂ ಹೌದು. ಪದದ ಮುಂದೆ ಇದ್ದರೆ ಯಾರೋ ಮಾತು ಶುರು ಮಾಡಿದರು. ಪದದ ಹಿಂದೆ ಇದ್ದರೆ ಯಾರೋ ಪ್ರಶ್ನೆ ಕೇಳಿದರು. ಮಾತು ಮುಗಿದಾಗ ಹಾಕುವ ಉದ್ಧರಣ ಚಿಹ್ನೆ 3-5-6. ಅದು ನಮ್ಮ ಝ ಕೂಡ. ಝದಿಂದ ಶುರುವಾಗುವ ಪದಗಳಿವೆ, ಝರಿ ಇದ್ದ ಹಾಗೆ. ಝದಲ್ಲಿ ಮುಗಿಯುವ ಪದಗಳು ಬಲು ಅಪರೂಪ. ಆದ್ದರಿಂದ ಇಬ್ಬರಿಗೂ ಜಗಳವಿಲ್ಲ. ಆಶ್ಚರ್ಯ ಚಿಹ್ನೆ 2-3-5. ಅದೇ ಫ. ಫಲ, ಫಸಲು ಎನ್ನುವಾಗ ಫ ಮುಂದಿರುತ್ತದೆ, ಆಶ್ಚರ್ಯ ಚಿಹ್ನೆ ಯಾವತ್ತೂ ಮುಂದೆ ಬರುವುದಿಲ್ಲ. ‘ಕಫ’ ಎಂಬ ಪದ ಮಾತ್ರ ತಂಟೆಯದು. ಫ ಕೊನೆಯಲ್ಲಿದೆ! ಬರೀ ಆಕಾರ ನೋಡಿದರೆ ‘ಕ’ ಎಂದು ಹೇಳಿ ಆಶ್ಚರ್ಯಪಟ್ಟಂತಿದೆ. ಆದರೆ ವಾಕ್ಯದಲ್ಲಿ ನೆಗಡಿ, ಕೆಮ್ಮು ಎಂದಿದ್ದರೆ ಓದುವವರು ಸರಿಯಾದದ್ದನ್ನೇ ಹಿಡಿಯುತ್ತಾರೆ. ಓದುವ ಕೆಲಸದಲ್ಲಿ ಬೆರಳಿನ ಜೊತೆ ಬುದ್ಧಿಯೂ ಮುಂದೆ ಮುಂದೆ ಓಡುತ್ತಿರುತ್ತದೆ.

ಈಗ ಕಾಗುಣಿತಕ್ಕೆ ಬರೋಣ. ನಮ್ಮ ವ್ಯಂಜನದ ಒಳಗೆ ಅ ಸ್ವರ ಮೊದಲೇ ಸೇರಿರುತ್ತದೆ. ಬ್ರೈಲಿನಲ್ಲೂ ಹಾಗೆಯೇ. ಕ ಎಂದು ಬರೆದರೆ ಸಾಕು, ಅ ಬರೆಯುವ ಹಾಗಿಲ್ಲ. ಬೇರೆ ಸ್ವರ ಬೇಕಾದರೆ ಅದನ್ನು ಪೂರ್ತಿ ಅಕ್ಷರವಾಗಿಯೇ ಹಿಂದೆ ಬರೆಯಬೇಕು. ಕೋ ಅಂದರೆ ಕ, ಆಮೇಲೆ ಓ. ನೆಲಮಂಗಲ ಎಂದು ಬರೆಯಲು ನ, ಎ, ಲ, ಮ, ಅನುಸ್ವಾರ, ಗ, ಲ, ಹೀಗೆ ಏಳು ಮನೆ. ಅನುಸ್ವಾರಕ್ಕೆ 5-6. ಅ ಎಲ್ಲೂ ಇಲ್ಲ, ಆದರೂ ನೀವು ಓದುವಾಗ ನಾಲ್ಕು ಸಲ ಅ ಕೇಳಿಸಿತು. ಬರೆಯದೇ ಬಿಟ್ಟದ್ದು ಎಷ್ಟೊಂದು ಜಾಗ ಉಳಿಸಿತು ನೋಡಿ.

ಒತ್ತಕ್ಷರಕ್ಕೆ 4ನೇ ಚುಕ್ಕಿ ಒಂಟಿಯಾಗಿ ಒಂದು ಮನೆಯಲ್ಲಿ ಕೂರುತ್ತದೆ. ‘ಮುಂದಿನ ವ್ಯಂಜನದಲ್ಲಿ ಅ ಇಲ್ಲ, ಅದನ್ನು ಅದರ ಮುಂದಿನದಕ್ಕೆ ಸೇರಿಸಿ ಓದು’ ಎಂದು ಮುಂಚೆಯೇ ಎಚ್ಚರಿಸುತ್ತದೆ. ಡ್ಡ ಬೇಕಾದರೆ 4, ಡ, ಡ. ದೇವನಹಳ್ಳಿಗೆ ದ, ಏ, ವ, ನ, ಹ, 4, ಳ, ಳ, ಇ, ಒಟ್ಟು ಒಂಬತ್ತು ಮನೆ. ದೊಡ್ಡಬಳ್ಳಾಪುರಕ್ಕೆ ಎಷ್ಟು? ದ, ಒ, 4, ಡ, ಡ, ಬ, 4, ಳ, ಳ, ಆ, ಪ, ಉ, ರ. ಹದಿಮೂರು! ನಿಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಬ್ರೈಲಿನ ಅತಿ ಉದ್ದದ ಹೆಸರು ಇದೇ.

ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆ ಹರಿದುಬರುವ ಅರ್ಕಾವತಿ ನದಿಯ ಹೆಸರನ್ನೂ ಬರೆಯೋಣ. ಅಚ್ಚಿನ ಕನ್ನಡದಲ್ಲಿ ಇಲ್ಲೊಂದು ವಿಚಿತ್ರವಿದೆ. ಬಾಯಲ್ಲಿ ಮೊದಲು ರ್ ಬರುತ್ತದೆ, ಆಮೇಲೆ ಕಾ. ಬರೆಯುವಾಗ ಕಾ ಮೊದಲು, ರ್ ಗುರುತು ಅದರ ಹಿಂದೆ. ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳು ಇದರಲ್ಲಿ ಎಡವುತ್ತಾರೋ! ಬ್ರೈಲಿನಲ್ಲಿ ಈ ಹಿಂದುಮುಂದು ಇಲ್ಲ. ಅ, 4, ರ, ಕ, ಆ, ವ, ತ, ಇ. ನಾಲಗೆ ಹೇಳಿದ ಕ್ರಮದಲ್ಲೇ ಚುಕ್ಕಿ ಬರುತ್ತದೆ. ಈ ಒಂದು ವಿಷಯದಲ್ಲಿ ಬ್ರೈಲ್ ಕಾಗುಣಿತ ನಮ್ಮ ಅಚ್ಚಿನ ಕಾಗುಣಿತಕ್ಕಿಂತ ಸಲೀಸು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡು ಒತ್ತಕ್ಷರಗಳಿಗೆ ಮಾತ್ರ ವಿಶೇಷ ಮರ್ಯಾದೆ ಸಿಕ್ಕಿದೆ. ಕ್ಷಕ್ಕೆ ಒಂದೇ ಮನೆ, 1-2-3-4-5. ಜ್ಞಕ್ಕೂ ಒಂದೇ ಮನೆ, 1-5-6. ಮೂರು ಮನೆ ಹಿಡಿಯಬೇಕಾದದ್ದು ಒಂದರಲ್ಲೇ ಮುಗಿಯುತ್ತದೆ. ಹೀಗೆ ಹಲವು ಅಕ್ಷರಗಳನ್ನು ಒಂದೇ ಆಕಾರಕ್ಕೆ ಅಡಕ ಮಾಡುವುದಕ್ಕೆ ಸಂಕ್ಷೇಪ ಎನ್ನುತ್ತಾರೆ. ಕನ್ನಡದಲ್ಲಿ ಇದು ಒಂದು ಹನಿ. ಇಂಗ್ಲಿಷ್ ಬ್ರೈಲಿನಲ್ಲಿ ಇದು ಒಂದು ಕೆರೆ. ಅಲ್ಲಿ ಇಂಥ ಸಂಕ್ಷೇಪಗಳು ಸುಮಾರು 180 ಇವೆ!

ಅಷ್ಟೊಂದು ಯಾಕೆ ಬೇಕಾಯಿತು? ಬ್ರೈಲ್ ಪುಸ್ತಕ ಬಹಳ ದಪ್ಪ. ಚುಕ್ಕಿ ಉಬ್ಬಿ ನಿಲ್ಲಬೇಕಾದರೆ ಕಾಗದ ಗಟ್ಟಿಯಾಗಿರಬೇಕು. ಅಕ್ಷರವನ್ನು ಕಣ್ಣಿಗೆ ಮಾಡಿದಂತೆ ಚಿಕ್ಕದು ಮಾಡುವ ಹಾಗಿಲ್ಲ, ಬೆರಳ ತುದಿ ಎಷ್ಟಿದೆಯೋ ಅಷ್ಟೇ ದೊಡ್ಡದಿರಬೇಕು. ನಿಮ್ಮ ಒಂದು ತೆಳು ಪಾಠಪುಸ್ತಕ ಬ್ರೈಲಿಗೆ ಬಂದರೆ ಹಲವು ಸಂಪುಟಗಳಾಗುತ್ತದೆ. ಸಂಕ್ಷೇಪ ಬಳಸಿದರೆ ಸುಮಾರು ಐದನೇ ಒಂದು ಪಾಲಿನಷ್ಟಾದರೂ ಜಾಗ ಉಳಿಯುತ್ತದೆ. ಬೆರಳು ಸವೆಸುವ ದಾರಿಯೂ ಅಷ್ಟು ಕಡಿಮೆಯಾಗುತ್ತದೆ.

ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರುವ ‘ದಿ’ ಪದಕ್ಕೆ ಮೂರು ಅಕ್ಷರ ಬೇಡ, 2-3-4-6 ಎಂಬ ಒಂದೇ ಮನೆ ಸಾಕು. ‘ಆಂಡ್’ ಪದಕ್ಕೂ ಒಂದೇ, ‘ವಿತ್’ ಪದಕ್ಕೂ ಒಂದೇ. ಬಿ ಅಕ್ಷರ ಒಂಟಿಯಾಗಿ ನಿಂತರೆ ಅದು ‘ಬಟ್’. ಪಿ ಒಂಟಿಯಾಗಿ ನಿಂತರೆ ‘ಪೀಪಲ್’. ‘ಬ್ರೈಲ್’ ಎಂಬ ಪದವನ್ನೇ ಬಿ, ಆರ್, ಎಲ್ ಎಂದು ಮೂರಕ್ಷರಕ್ಕೆ ಮುಗಿಸುತ್ತಾರೆ. ಎಸ್ ಮತ್ತು ಎಚ್ ಜೊತೆಯಾಗಿ ಬಂದರೆ 1-4-6. ಇದಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ. ಅವಘಡ ಎಂಬ ಅರ್ಥದ ‘ಮಿಸ್‌ಹ್ಯಾಪ್’ ಪದದಲ್ಲಿ ಎಸ್ ಮತ್ತು ಎಚ್ ಅಕ್ಕಪಕ್ಕ ಇದ್ದರೂ ಅಲ್ಲಿ ಸಂಕ್ಷೇಪ ಹಾಕಬಾರದು. ಎಸ್ ಹಿಂದಿನ ತುಂಡಿಗೆ ಸೇರಿದ್ದು, ಎಚ್ ಮುಂದಿನ ತುಂಡಿಗೆ ಸೇರಿದ್ದು. ಅವನ್ನು ಕಟ್ಟಿಹಾಕಿದರೆ ಓದುವವರ ಬಾಯಲ್ಲಿ ‘ಮಿಶಾಪ್’ ಬಂದುಬಿಡುತ್ತದೆ. ಜಾಗ ಉಳಿಸುವ ಆಸೆಗಿಂತ ಓದುವವರ ಅನುಕೂಲ ದೊಡ್ಡದು ಎಂದು ಆ ನಿಯಮ ಒಪ್ಪಿಕೊಂಡಿದೆ. ಕೆಳಗಿನ ಚುಕ್ಕಿಗಳಷ್ಟೇ ಇರುವ ಕೆಲವು ಸಂಕ್ಷೇಪಗಳನ್ನು ವಿರಾಮ ಚಿಹ್ನೆಗೆ ತಗುಲಿಸಿ ಬರೆಯಬಾರದು ಎಂಬ ನಿಯಮವೂ ಇದೆ. ಕಾರಣ ನಿಮಗೀಗ ಗೊತ್ತೇ ಇದೆ: ಮೇಲಿನ ಚುಕ್ಕಿಯ ಸಾಕ್ಷಿಯಿಲ್ಲದೆ ಬೆರಳಿಗೆ ಎತ್ತರ ತಿಳಿಯದು.

ನಿಯಮಗಳು ಬದಲಾಗುವುದೂ ಉಂಟು. ಇಂಗ್ಲೆಂಡಿನವರು ಮತ್ತು ಅಮೆರಿಕದವರು ಬೇರೆ ಬೇರೆ ರೀತಿ ಬರೆಯುತ್ತಿದ್ದು, 1932ರಲ್ಲಿ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡರು. ಆಮೇಲೆ ಇಂಗ್ಲಿಷ್ ನಾಡುಗಳಿಗೆಲ್ಲ ಒಂದೇ ಬ್ರೈಲ್ ಇರಲಿ ಎಂದು ಇನ್ನೊಂದು ಪರಿಷ್ಕರಣೆ ನಡೆಯಿತು. ಗೊಂದಲ ಮಾಡುತ್ತಿದ್ದ ಒಂಬತ್ತು ಸಂಕ್ಷೇಪಗಳನ್ನು ಅದರಲ್ಲಿ ಕೈಬಿಟ್ಟರು. ‘ಟು’ ಪದಕ್ಕೆ 2-3-5 ಹಾಕಿ ಮುಂದಿನ ಪದಕ್ಕೆ ಅಂಟಿಸಿ ಬರೆಯುವ ಪದ್ಧತಿಯಿತ್ತು. ಅದೂ ಹೋಯಿತು. 2-3-5 ಅಂದರೆ ನೆನಪಿದೆ ತಾನೆ? ಆಶ್ಚರ್ಯ ಚಿಹ್ನೆ, ನಮ್ಮ ಫ.

ನಮ್ಮ ದೇಶಕ್ಕೆ ಬ್ರೈಲ್ ಬಂದಾಗ ಒಬ್ಬೊಬ್ಬರು ಒಂದೊಂದು ರೀತಿ ಮಾಡಿಕೊಂಡರು. ಮೈಸೂರಿನಲ್ಲಿ 1901ರಲ್ಲೇ ಕಿವಿ ಕೇಳದ, ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆ ಶುರುವಾಗಿತ್ತು. ಬೇರೆ ಊರುಗಳಲ್ಲೂ ಶಾಲೆಗಳಿದ್ದವು. ಒಂದು ಕಡೆಯ ಪುಸ್ತಕ ಇನ್ನೊಂದು ಕಡೆಯ ಮಗುವಿಗೆ ಓದಲು ಬರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಭಾರತ ಸರ್ಕಾರ ಯುನೆಸ್ಕೋ ನೆರವು ಕೇಳಿತು. ಯುನೆಸ್ಕೋದಲ್ಲಿ ಈ ಕೆಲಸ ನೋಡಿಕೊಂಡವರು ಕ್ಲೂತಾ ಮೆಕೆಂಜಿ, ನ್ಯೂಜಿಲೆಂಡಿನವರು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಗಲಿಪೊಲಿಯಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದ ಸೈನಿಕ. ಡೆಹ್ರಾಡೂನಿನಲ್ಲಿ ಯುದ್ಧದಿಂದ ಕಣ್ಣು ಹೋದವರ ತರಬೇತಿ ಕೇಂದ್ರವನ್ನೂ ನಡೆಸಿದ್ದವರು. ಮಾತುಕತೆಗಳಾಗಿ 1951ರಲ್ಲಿ ಭಾರತದ ಎಲ್ಲ ಭಾಷೆಗಳಿಗೂ ಒಂದೇ ಬ್ರೈಲ್ ಎಂದು ತೀರ್ಮಾನವಾಯಿತು. ಅದೇ ಭಾರತಿ ಬ್ರೈಲ್. ಒಂದು ಉಚ್ಚಾರಕ್ಕೆ ಒಂದು ಆಕಾರ, ಭಾಷೆ ಯಾವುದಾದರೂ ಸರಿ. ಕನ್ನಡದ ಕ, ತೆಲುಗಿನ ಕ, ತಮಿಳಿನ ಕ, ಹಿಂದಿಯ ಕ ಎಲ್ಲವೂ 1-3. ಹೊಸಕೋಟೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವ ಮಗು ಒಂದು ಸಲ ಚುಕ್ಕಿ ಕಲಿತರೆ ಎರಡು ಭಾಷೆಯನ್ನೂ ಗಟ್ಟಿಯಾಗಿ ಓದಬಹುದು. ಕಣ್ಣಿದ್ದವರಿಗೆ ಈ ಸೌಕರ್ಯ ಇಲ್ಲ!

ಆದರೆ ನಮ್ಮ ವರ್ಣಮಾಲೆ ದೊಡ್ಡದು. ಇಂಗ್ಲಿಷಿನ 26 ಅಕ್ಷರಗಳ ಆಕಾರ ತೆಗೆದುಕೊಂಡರೂ ಖ, ಛ, ಥ, ಶ ಇವಕ್ಕೆಲ್ಲ ಎಲ್ಲಿಂದ ತರುವುದು? ಇಂಗ್ಲಿಷಿನ ಸಂಕ್ಷೇಪಗಳನ್ನೇ ಎತ್ತಿಕೊಂಡರು. ಅದರಲ್ಲೂ ಉಚ್ಚಾರ ಹತ್ತಿರವಿದ್ದವನ್ನು ಆದಷ್ಟು ಆರಿಸಿದರು. ಇಂಗ್ಲಿಷಿನ ಎಸ್-ಎಚ್ ಸಂಕ್ಷೇಪ 1-4-6 ನಮ್ಮಲ್ಲಿ ಶ. ಟಿ-ಎಚ್ ಸಂಕ್ಷೇಪ 1-4-5-6 ನಮ್ಮಲ್ಲಿ ಥ. ಜಿ-ಎಚ್ ಸಂಕ್ಷೇಪ 1-2-6 ನಮ್ಮಲ್ಲಿ ಘ. ಸಿ-ಎಚ್ ಸಂಕ್ಷೇಪ 1-6 ನಮ್ಮಲ್ಲಿ ಛ. ‘ಆರ್’ ಎಂದು ಎಳೆಯುವ ಎ-ಆರ್ ಸಂಕ್ಷೇಪ 3-4-5 ನಮ್ಮ ಆ. ‘ಇಂಗ್’ ಎಂಬ ಮೂರಕ್ಷರದ ಸಂಕ್ಷೇಪ 3-4-6 ನಮ್ಮ ಙ! ಓ-ಯು ಸಂಕ್ಷೇಪ 1-2-5-6 ನಮ್ಮ ಊ. ‘ದಿ’ ಪದದ 2-3-4-6 ನಮ್ಮ ಧ. ಎಲ್ಲ ಕಡೆ ಉಚ್ಚಾರ ಹೊಂದಲಿಲ್ಲ, ‘ವಿತ್’ ಪದದ 2-3-4-5-6 ಸುಮ್ಮನೆ ಟ ಆಯಿತು. ಇಂಗ್ಲಿಷಿನ ಕ್ಯೂ ನಮಗೆ ಬೇಡವಾದ್ದರಿಂದ ಅದರ ಆಕಾರವನ್ನು ಕ್ಷಕ್ಕೆ ಕೊಟ್ಟರು. ಅಲ್ಲಿ ಜಾಗ ಉಳಿಸಲು ಮಾಡಿದ ಉಪಾಯ ಇಲ್ಲಿ ನಮ್ಮ ಮಕ್ಕಳ ಅಕ್ಷರಮಾಲೆಯಾಯಿತು. ಇದಕ್ಕಿಂತ ಜಾಣ ಎರವಲು ನನಗೆ ಗೊತ್ತಿಲ್ಲ.

ಇದರಿಂದ ಒಂದು ತಮಾಷೆಯೂ ಹುಟ್ಟಿತು. ‘ಕಾರ್’ ಎಂಬ ಇಂಗ್ಲಿಷ್ ಪದವನ್ನು ಸಂಕ್ಷೇಪದಲ್ಲಿ ಬರೆದರೆ ಎರಡೇ ಮನೆ: 1-4, 3-4-5. ಅದನ್ನೇ ಕನ್ನಡ ಎಂದುಕೊಂಡು ಓದಿದರೆ ಚ, ಆ. ಚಾ! ರಸ್ತೆಯಲ್ಲಿ ಹೋಗುತ್ತಿದ್ದ ಕಾರು ಲೋಟಕ್ಕೆ ಬಂದುಬಿಟ್ಟಿತು. ‘ಬೆಡ್’ ಬರೆದರೆ ಕನ್ನಡದಲ್ಲಿ ‘ಬಡ’ ಆಗುತ್ತದೆ. ‘ಪಿನ್’ ಬರೆದರೆ ‘ಪೀ’ ಆಗುತ್ತದೆ. ಆದರೆ ‘ಹೌ’ ಎಂಬ ಇಂಗ್ಲಿಷ್ ಪದ ನೋಡಿ. 1-2-5, 2-4-6. ಕನ್ನಡದಲ್ಲಿ ಓದಿದರೂ ಹ, ಔ. ಹೌ! ಎರಡೂ ಭಾಷೆಯಲ್ಲಿ ಅದೇ ಚುಕ್ಕಿ, ಅದೇ ಉಚ್ಚಾರ. ಕನ್ನಡ, ಇಂಗ್ಲಿಷ್ ಎರಡನ್ನೂ ಬ್ರೈಲಿನಲ್ಲಿ ಓದುವ ಮಗು ಪುಟ ತಿರುಗಿಸಿದಾಗೆಲ್ಲ ‘ಈಗ ಯಾವ ಭಾಷೆ’ ಎಂದು ಮನಸ್ಸಿನ ಗುಂಡಿ ಒತ್ತಿಕೊಳ್ಳಬೇಕು. ಅದು ಸಣ್ಣ ಸಾಧನೆಯಲ್ಲ.

ಬರೆಯುವುದು ಇನ್ನೂ ಕಷ್ಟ. ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ, ಸ್ಟೈಲಸ್ ಎಂಬ ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚಬೇಕು. ಚುಚ್ಚಿದ್ದು ಕಾಗದದ ಆಚೆ ಬದಿಯಲ್ಲಿ ಉಬ್ಬುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ತಪ್ಪಾಗಿದೆಯೋ ಇಲ್ಲವೋ ತಿಳಿಯುವುದು ಮಗುಚಿದ ಮೇಲೆಯೇ. ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಬರುವ ದಾರಿಯಲ್ಲಿ ಯಲಹಂಕ ಸಿಗುತ್ತದಲ್ಲ, ಅಲ್ಲಿನ ಮಾತೃ ಅಂಧ ಮಕ್ಕಳ ಶಾಲೆಗೆ 2006ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಒಂದು ಉಪಕರಣ ತಂದರು. ಮಗು ಸ್ಲೇಟಿನಲ್ಲಿ ಚುಚ್ಚಿದ ಕೂಡಲೇ ಅದು ಯಾವ ಚುಕ್ಕಿ, ಯಾವ ಅಕ್ಷರ ಎಂದು ಯಂತ್ರ ಬಾಯಿಬಿಟ್ಟು ಹೇಳುತ್ತದೆ. ಹಾಳೆ ಮಗುಚುವವರೆಗೆ ಕಾಯಬೇಕಿಲ್ಲ. ನಮ್ಮ ನೆರೆಯ ಶಾಲೆಯ ಮಕ್ಕಳು ಬಳಸಿ ನೋಡಿ ಹೇಳಿದ್ದರಿಂದಲೇ ಆ ಯಂತ್ರ ಸುಧಾರಿಸುತ್ತಾ ಹೋಯಿತು.

ಓದುವಾಗ ಬೆರಳನ್ನು ಚುಕ್ಕಿಯ ಮೇಲೆ ಒತ್ತಿ ಹಿಡಿದರೆ ಆಗುವುದಿಲ್ಲ. ಮೆಲ್ಲಗೆ ಸವರುತ್ತಾ ಹೋಗಬೇಕು. ಬೆರಳ ತುದಿಯ ಚರ್ಮದೊಳಗಿನ ನರದ ತುದಿಗಳು ಚುಕ್ಕಿಯ ಅಂಚನ್ನು ಗುರುತಿಸುವುದು ಬೆರಳು ಚಲಿಸುವಾಗ. ಆ ಸುದ್ದಿ ಮಿದುಳಿನಲ್ಲಿ ಎಲ್ಲಿಗೆ ಹೋಗುತ್ತದೆ ಗೊತ್ತೇ? ಜಪಾನಿನ ನೊರಿಹಿರೊ ಸದಾಟೊ ಮತ್ತು ಜೊತೆಗಾರರು 1996ರಲ್ಲಿ ಇದನ್ನು ಪರೀಕ್ಷಿಸಿದರು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು ಬ್ರೈಲ್ ಓದುವಾಗ, ಮಿದುಳಿನ ಹಿಂಭಾಗದಲ್ಲಿ ನೋಡುವ ಕೆಲಸಕ್ಕೆಂದು ಇರುವ ಜಾಗ ಚುರುಕಾಗುತ್ತಿತ್ತು. ಕಣ್ಣಿನಿಂದ ಸುದ್ದಿ ಬಾರದ ಆ ಜಾಗವನ್ನು ಮಿದುಳು ಖಾಲಿ ಬಿಟ್ಟಿರಲಿಲ್ಲ, ಬೆರಳಿಗೆ ಕೊಟ್ಟಿತ್ತು.

ಬ್ರೈಲನ್ನು ಮುಟ್ಟಿ ನೋಡಬೇಕೆಂದರೆ ಲಿಫ್ಟಿನ ಗುಂಡಿಗಳ ಪಕ್ಕ ಬೆರಳಾಡಿಸಿ. ಚುನಾವಣೆಯ ದಿನ ನಿಮ್ಮ ಶಾಲೆಯೇ ಮತಗಟ್ಟೆಯಾದರೆ, ಒಳಗೆ ಇಟ್ಟಿರುವ ಮತಯಂತ್ರದ ಗುಂಡಿಗಳ ಬದಿಗೆ 1ರಿಂದ 16ರವರೆಗೆ ಅಂಕಿಗಳು ಬ್ರೈಲಿನಲ್ಲಿರುತ್ತವೆ. ದೊಡ್ಡವರು ಮತ ಹಾಕಿ ಬಂದಾಗ ಕೇಳಿ ನೋಡಿ, ಗಮನಿಸಿದ್ದೀರಾ ಎಂದು.

ಈಗ ಒಂದು ಲೆಕ್ಕ ಕೊಡುತ್ತೇನೆ. ಬಿಡಿಸಲು ಬೇಕಾದ ಅಕ್ಷರಗಳೆಲ್ಲ ಮೇಲೆ ಎಲ್ಲೋ ಒಂದು ಕಡೆ ಬಂದಿವೆ, ಹುಡುಕಿಕೊಳ್ಳಿ. ಒಂಟಿ 4 ಕಂಡರೆ ಒತ್ತಕ್ಷರ ಎಂದು ನೆನಪಿರಲಿ. ಕೊನೆಯ ಮನೆ ಪದದ ಹಿಂದೆ ನಿಂತಿದೆ, ಮುಂದೆ ಅಲ್ಲ. ನಮ್ಮ ಕಡೆ ಯಾರೇ ಸಿಕ್ಕರೂ ಮೊದಲು ಕೇಳುವ ಮಾತು ಇದು:

1-2-5-6, 2-3-4-5-6, ಖಾಲಿ ಮನೆ, 3-4-5, 4, 1-3-4-5-6, 2-3-4-5, 3-4-5, 2-3-6.